ಅಪ್ಪನ ಮಾತ್ರೆ, ಅಪ್ಪನ ಹೊಟ್ಟೆ

ಅಪ್ಪನಿಗೆ ಪಾರ್ಕಿನ್ಸನ್ ಅಂತ ಗೊತ್ತಾದಾಗ ನಾವೆಲ್ಲ ಅವರ ಕೈ ನಡುಕವನ್ನೇ ನೋಡುತ್ತಾ ಕೂತೆವು. ಅದಕ್ಕೂ ಎಷ್ಟೋ ವರ್ಷ ಮೊದಲೇ ಅವರಿಗೆ ಹೊಟ್ಟೆ ಕಟ್ಟುತ್ತಿತ್ತು. ವಯಸ್ಸಾಯ್ತಲ್ಲ ಅಂತ ಸುಮ್ನಿದ್ದೆವು.

ಓದಲು ಕೂತಿದ್ದು ಆಮೇಲೆ. ಈ ಕಾಯಿಲೆ ಕರುಳಿನಲ್ಲಿ ಶುರುವಾಗಿ ಹೊಟ್ಟೆಗೂ ಮಿದುಳಿಗೂ ನಂಟು ಹಾಕುವ ವೇಗಸ್ ನರ ಹಿಡಿದು ಮಿದುಳಿಗೆ ಏರುತ್ತಿರಬಹುದು ಎಂದು ಜರ್ಮನಿಯ ವಿಜ್ಞಾನಿ ಹೈಕೋ ಬ್ರಾಕ್ 2003ರಲ್ಲೇ ಹೇಳಿದ್ದರು. ಅದು ಇನ್ನೂ ಊಹೆಯೇ. ನನ್ನ ನಿದ್ದೆ ಕೆಡಿಸಿದ್ದು ಇನ್ನೊಂದು ವಿಷಯ. ಕರುಳಿನಲ್ಲಿರುವ ಎಂಟರೋಕಾಕಸ್ ಫೀಕಾಲಿಸ್ ಎಂಬ ಬ್ಯಾಕ್ಟೀರಿಯಾ, ಅಪ್ಪನ ಮಾತ್ರೆಯಲ್ಲಿರುವ ಲೆವೊಡೋಪಾ ಎಂಬ ಔಷಧವನ್ನು ಅಲ್ಲೇ ಡೋಪಮೈನ್ ಮಾಡಿಬಿಡುತ್ತದಂತೆ. 2019ರಲ್ಲಿ ತೋರಿಸಿದ್ದು. ಡೋಪಮೈನ್ ಅಂದರೆ ಈ ಕಾಯಿಲೆಯಲ್ಲಿ ಮಿದುಳಿಗೆ ಕೊರತೆಯಾಗುವ ರಾಸಾಯನಿಕ; ಔಷಧ ಮಿದುಳು ತಲುಪಿದ ಮೇಲೆ ಅದಾಗಬೇಕು, ಕರುಳಲ್ಲಿ ಆದದ್ದು ಮಿದುಳಿಗೆ ಹೋಗುವುದಿಲ್ಲ. ಅಂದರೆ ಅಪ್ಪ ನುಂಗಿದ ಮಾತ್ರೆಗೆ ದಾರಿಯಲ್ಲೇ ಪಾಲುದಾರರು!

ತಕ್ಷಣ ಒಳ್ಳೆಯ ಬ್ಯಾಕ್ಟೀರಿಯಾ ತುಂಬಿದ ದುಬಾರಿ ಪ್ರೊಬಯಾಟಿಕ್ ಕ್ಯಾಪ್ಸೂಲ್ ತರಿಸಿದೆ. ಎರಡು ತಿಂಗಳು ನುಂಗಿಸಿದೆ. ಹೊಟ್ಟೆ ಉಬ್ಬರ ಬಿಟ್ಟರೆ ಬೇರೇನೂ ಕಾಣಲಿಲ್ಲ. ಪಕ್ಕದ ಮನೆಯವರು ನಸುಗುನ್ನಿ ಪುಡಿ ಕೊಡಿ ಅಂದರು. ಅದರ ಬೀಜದಲ್ಲಿರುವುದೂ ಲೆವೊಡೋಪಾವೇ, ಮಾತ್ರೆಯ ಮೇಲೆ ಅದೂ ಬಿದ್ದರೆ ಲೆಕ್ಕ ತಪ್ಪುತ್ತೆ ಅಂತ ಡಾಕ್ಟರ್ ಬೇಡವೆಂದರು. ಮಲ ಕಸಿ, ಅಂದರೆ ಆರೋಗ್ಯವಂತರ ಮಲದ ಬ್ಯಾಕ್ಟೀರಿಯಾವನ್ನು ರೋಗಿಯ ಕರುಳಿಗೆ ಸೇರಿಸುವುದು, ಅದರ ಬಗ್ಗೆಯೂ ಕೇಳಿದೆ. ಬೆಲ್ಜಿಯಂನ ಗೆಂಟ್‌ನಲ್ಲಿ 46 ಜನರ ಮೇಲೆ ಮಾಡಿದ ಪ್ರಯೋಗದಲ್ಲಿ ಒಂದು ವರ್ಷದ ನಂತರ ಚಲನೆ ಸ್ವಲ್ಪ ಸುಧಾರಿಸಿತ್ತು. ಫಿನ್ಲೆಂಡಿನ ಪ್ರಯೋಗದಲ್ಲಿ ಅಂಥ ಲಾಭ ಸಿಗಲಿಲ್ಲ. ಎರಡೂ 2024ರಲ್ಲಿ ಬಂದವು. ಅಪ್ಪ ಕೇಳಿಸಿಕೊಂಡು, "ಯಾರದ್ದೋ ನನಗೆ ಹಾಕ್ತೀಯಾ?" ಅಂದರು. ಆ ಮಾತು ಅಲ್ಲಿಗೇ ಮುಗಿಯಿತು.

ಕೊನೆಗೆ ಒಂದು ಇನ್ನೂರು ಪುಟದ ನೋಟ್‌ಬುಕ್ ತಂದೆ. ಮಾತ್ರೆ ಎಷ್ಟು ಗಂಟೆಗೆ, ಜೊತೆಗೆ ಏನು ತಿಂದರು, ಶರ್ಟಿನ ಗುಂಡಿ ತಾವೇ ಹಾಕಿಕೊಂಡಿದ್ದು ಎಷ್ಟು ಗಂಟೆಗೆ, ಹೊಟ್ಟೆ ಹೋಯಿತಾ ಇಲ್ಲವಾ. ಅಪ್ಪನೇ ಬರೆಯಬೇಕು ಅಂತ ಹಟ ಹಿಡಿದೆ.

ಒಂದೇ ವಾರಕ್ಕೆ ನಮ್ಮದೇ ತಪ್ಪು ಸಿಕ್ಕಿತು. ಬೆಳಗಿನ ಮಾತ್ರೆಯನ್ನು ಅಮ್ಮ ಒಂದು ಲೋಟ ಬಿಸಿ ಹಾಲಿನ ಜೊತೆ ಕೊಡುತ್ತಿದ್ದರು, ಶಕ್ತಿ ಬರಲಿ ಅಂತ. ಹಾಲಿನ ಪ್ರೋಟೀನು ಮತ್ತು ಲೆವೊಡೋಪಾ ಕರುಳಿನಲ್ಲಿ ಒಂದೇ ಬಾಗಿಲಿಗೆ ನುಗ್ಗುತ್ತವೆ, ಬಸ್ಸಿಗೆ ಹತ್ತುವವರ ಹಾಗೆ. ಡಾಕ್ಟರನ್ನು ಕೇಳಿ ಬದಲಾಯಿಸಿದೆವು. ಆರೂವರೆಗೆ ಬರೀ ನೀರಲ್ಲಿ ಮಾತ್ರೆ, ಏಳೂವರೆಗೆ ತಿಂಡಿ. ಬೇಳೆ, ಮೊಸರು ಜಾಸ್ತಿ ಇರುವುದೆಲ್ಲ ರಾತ್ರಿಗೆ. ಪ್ರೋಟೀನು ಕಮ್ಮಿ ಮಾಡಲಿಲ್ಲ, ಹೊತ್ತು ಮಾತ್ರ ಬದಲಾಯಿತು. ಅಪ್ಪ ಆಗಲೇ ಸೊರಗಿದ್ದರಲ್ಲ. ಜೊತೆಗೆ ಮಧ್ಯಾಹ್ನ ರಾಗಿ ಮುದ್ದೆ, ಸೊಪ್ಪಿನ ಸಾರು, ದಿನವಿಡೀ ನೀರು, ಡಾಕ್ಟರ್ ಬರೆದ ಹೊಟ್ಟೆ ಸಡಿಲಿಸುವ ಪುಡಿ.

ಹೊಟ್ಟೆ ಸರಿಯಾಗಿ ಹೋಗಲು ಮೂರು ವಾರ ಹಿಡಿಯಿತು. ಅಷ್ಟರಲ್ಲಿ ಬೆಳಗಿನ ಗುಂಡಿ ಒಂಬತ್ತೂವರೆಯಿಂದ ಏಳೂಕಾಲಿಗೆ ಬಂದಿತ್ತು. ಬ್ಯಾಕ್ಟೀರಿಯಾ ಬದಲಾದವೋ, ಹಾಲು ತಪ್ಪಿದ್ದಕ್ಕೋ, ಹೊಟ್ಟೆ ಹಗುರಾದದ್ದಕ್ಕೋ, ಒಂದೊಂದೇ ಬಿಡಿಸಿ ಹೇಳಲಾರೆ. ನನ್ನ ಅಂದಾಜು ಹಾಲಿನ ಮೇಲೇ. ಕಾಯಿಲೆ ಇನ್ನೂ ಇದೆ, ಮಾತ್ರೆಯ ಪ್ರಮಾಣ ಹೋದ ವರ್ಷ ಏರಿತು ಕೂಡ.

ಈಗ ನೋಟ್‌ಬುಕ್ ತೆರೆದರೆ ಓದುವುದೇ ಬೇಡ. ಮಾತ್ರೆಯ ಬಲ ಇಳಿದ ಹೊತ್ತಲ್ಲಿ ಬರೆದ ಸಾಲು ಇರುವೆ ಸಾಲಿನ ಹಾಗೆ ಚಿಕ್ಕದಾಗುತ್ತಾ ಹೋಗುತ್ತದೆ, ಹತ್ತಿದಾಗ ಬರೆದದ್ದು ದುಂಡಗೆ. ನಿನ್ನೆ ಮಧ್ಯಾಹ್ನದ ಸಾಲು ದುಂಡಗಿತ್ತು: "ಮುದ್ದೆ, ಸೊಪ್ಪು. ಮೊಸರಿಲ್ಲ. ಇದೂ ಒಂದು ಊಟವೇ."