ಬೆಕ್ಕಿಗೆ ಶೀತ, ನಾಯಿಗೆ ಕೆಮ್ಮು: ನಮ್ಮನೆಯಲ್ಲಿ ನಾನು ಮಾಡುವುದು

ಮಲೆನಾಡಿನಲ್ಲಿ ಮಳೆ ಹಿಡಿದರೆ ಸಾಕು, ನಮ್ಮ ಜಗಲಿಗೆ ಬೆಕ್ಕಿನ ಮರಿಗಳು ಬಂದು ಸೇರುತ್ತವೆ. ಕೆಲವನ್ನು ತಾಯಿಯೇ ಕಚ್ಚಿಕೊಂಡು ತಂದಿಡುತ್ತದೆ, ಕೆಲವನ್ನು ಯಾರೋ ರಟ್ಟಿನ ಡಬ್ಬದಲ್ಲಿ ಗೇಟಿನ ಹತ್ತಿರ ಬಿಟ್ಟು ಹೋಗಿರುತ್ತಾರೆ. ಹೆಚ್ಚಿನವಕ್ಕೆ ಒಂದೇ ಪಾಡು. ಸೀನು, ಮೂಗು ತುಂಬ ಸಿಂಬಳ, ಗೀಜು ಕಟ್ಟಿ ಮುಚ್ಚಿಕೊಂಡ ಕಣ್ಣು. ನೋಡಿದವರೆಲ್ಲ ಒಂದೊಂದು ಮದ್ದು ಹೇಳುತ್ತಾರೆ. ಪಕ್ಕದ ಮನೆ ಅಜ್ಜಿ ತುಳಸಿ ಕಷಾಯ ಅಂದರೆ, ಹಾಲು ಹಾಕುವ ಹುಡುಗ 'ಬೆಳ್ಳುಳ್ಳಿ ಜಜ್ಜಿ ಕೊಡಿ ಅಕ್ಕಾ' ಅನ್ನುತ್ತಾನೆ. ವೈರಸ್ ಕೊಲ್ಲುವಂಥದ್ದು ನನಗಂತೂ ಅಡುಗೆಮನೆ ಡಬ್ಬಗಳಲ್ಲಿ ಸಿಕ್ಕಿಲ್ಲ. ಸಿಕ್ಕಿರುವುದು ಬಿಸಿನೀರು, ಉಪ್ಪು, ಹಳೇ ಸೀರೆ ತುಂಡು ಮತ್ತು ಮೀನಿನ ವಾಸನೆ. ಇವುಗಳಿಂದ ಎಷ್ಟೋ ಮರಿಗಳು ಚೇತರಿಸಿಕೊಂಡಿವೆ.

ಈ ಶೀತಕ್ಕೇ ಬೆಕ್ಕಿನ ಫ್ಲೂ ಅನ್ನುತ್ತೇವಲ್ಲ, ಅದು ಮನುಷ್ಯರ ಫ್ಲೂ ಅಲ್ಲ. ಬಹುತೇಕ ಸಲ ಬೆಕ್ಕುಗಳ ಹರ್ಪಿಸ್ ವೈರಸ್ ಅಥವಾ ಕ್ಯಾಲಿಸಿ ವೈರಸ್ ಅದಕ್ಕೆ ಕಾರಣ. ಇವೆರಡೂ ನಮಗೆ ಅಂಟುವುದಿಲ್ಲ. ಬಾಯೊಳಗೆ, ನಾಲಿಗೆ ಮೇಲೆ ಹುಣ್ಣಿದ್ದರೆ ಕ್ಯಾಲಿಸಿ ಇರಬಹುದು ಅಂತ ಡಾಕ್ಟ್ರು ಹೇಳುತ್ತಾರೆ. ಕಣ್ಣು ಜಾಸ್ತಿ ಕೆಟ್ಟಿದ್ದರೆ ಹರ್ಪಿಸ್ ಮೇಲೆ ಅನುಮಾನ.

ಮೊದಲ ಕೆಲಸ ಹಬೆ. ನಮ್ಮ ಬಚ್ಚಲಲ್ಲಿ ಈಗಲೂ ಸೌದೆ ಒಲೆಯ ಹಂಡೆ ಇದೆ. ಬೆಳಗ್ಗೆ ಎಲ್ಲರ ಸ್ನಾನ ಮುಗಿದು, ಒಲೆ ಆರಿ, ಹೊಗೆ ಪೂರ್ತಿ ಹೋದ ಮೇಲೆ ಒಂದು ಬಕೆಟ್ ಬಿಸಿನೀರು ತುಂಬಿ, ಮುಚ್ಚಳ ಹಾಕಿ ಬಚ್ಚಲಲ್ಲೇ ಸ್ವಲ್ಪ ಆಚೆ ಇಡುತ್ತೇನೆ. ಮರಿಯನ್ನು ಬುಟ್ಟಿಯಲ್ಲಿ ಕೂರಿಸಿ ಬಾಗಿಲು ಹಾಕಿಕೊಂಡ ಮೇಲೆ ಮುಚ್ಚಳ ಸ್ವಲ್ಪ ಓರೆ ಮಾಡುವುದು. ಹತ್ತು ನಿಮಿಷ ಸಾಕು. ಗೀಸರ್ ಇರುವವರು ನಲ್ಲಿ ಬಿಟ್ಟರೂ ಆಯ್ತು. ಮನುಷ್ಯರಿಗೆ ಹಿಡಿದ ಹಾಗೆ ತಲೆ ಮೇಲೆ ಬಟ್ಟೆ ಹೊದಿಸಿ ಹಬೆ ಹಿಡಿಯಲು ಹೋಗಬೇಡಿ. ಗಾಬರಿಯಾಗಿ ಹಾರುತ್ತದೆ, ಸುಟ್ಟುಕೊಳ್ಳುತ್ತದೆ. ನೀರಿಗೆ ಏನೂ ಹಾಕುವುದಿಲ್ಲ, ಬರೀ ನೀರು. ಹಬೆ ತಾಗಿದ ಸ್ವಲ್ಪ ಹೊತ್ತಿಗೆ ಮರಿ ಸೀನಲು ಶುರು ಮಾಡುತ್ತದೆ. ಆಗಲೇ ಹತ್ತಿಯಲ್ಲಿ ಮೂಗು ಒರೆಸಬೇಕು. ಗಟ್ಟಿಯಾದ ಸಿಂಬಳವನ್ನು ಕೀಳಬಾರದು, ನೆನೆದು ತಾನೇ ಬಿಡುವ ತನಕ ಹತ್ತಿ ಒತ್ತಿ ಹಿಡಿಯಬೇಕು.

ಕಣ್ಣಿಗೂ ಇದೇ ಲೆಕ್ಕ. ಒಂದು ಲೋಟ ಕುದಿಸಿ ಆರಿಸಿದ ನೀರಿಗೆ ಕಾಲು ಚಮಚಕ್ಕಿಂತ ತುಸು ಜಾಸ್ತಿ ಉಪ್ಪು. ಮೂಗಿನ ಕಡೆಯಿಂದ ಹೊರಕ್ಕೆ ಒಂದೇ ಸಲ ಒರೆಸಿ ಆ ಹತ್ತಿ ಬಿಸಾಡಬೇಕು. ಎರಡೂ ಕಣ್ಣಿಗೆ ಬೇರೆ ಬೇರೆ ಹತ್ತಿ. ಮನೆಯಲ್ಲಿ ಯಾರಿಗೋ ತಂದು ಉಳಿದ ಕಣ್ಣಿನ ಹನಿ ಇದೆ ಅಂತ ಹಾಕಬೇಡಿ. ಅದರಲ್ಲಿ ಸ್ಟಿರಾಯ್ಡ್ ಇದ್ದರೆ ಹರ್ಪಿಸ್‌ನಿಂದಾದ ಕಣ್ಣಿನ ಹುಣ್ಣು ಇನ್ನೂ ಕೆಡುತ್ತದೆ.

ಇನ್ನು ಊಟ. ನನ್ನ ಪ್ರಕಾರ ಇಡೀ ಆರೈಕೆಯಲ್ಲಿ ಇದೇ ಮುಖ್ಯ. ಬೆಕ್ಕು ಮೂಸಿ ನೋಡದೆ ತಿನ್ನುವುದಿಲ್ಲ. ಮೂಗು ಕಟ್ಟಿದರೆ ಊಟವೇ ಬೇಡ ಅನ್ನುತ್ತದೆ. ಎರಡು ಮೂರು ದಿನ ಹಾಗೇ ಬಿಟ್ಟರೆ ದೊಡ್ಡ ಬೆಕ್ಕಿಗೂ ಯಕೃತ್ತಿನಲ್ಲಿ ಕೊಬ್ಬು ಸೇರಿ, ಶೀತಕ್ಕಿಂತ ದೊಡ್ಡ ರೋಗವಾಗಬಹುದು. ಅದಕ್ಕೇ ಹಬೆ ಆದ ತಕ್ಷಣ ಊಟ ಇಡುವುದು. ಬಂಗುಡೆ ಬೇಯಿಸಿ ಮುಳ್ಳು ಬಿಡಿಸಿ, ಅದೇ ನೀರಲ್ಲಿ ಕಿವುಚಿ, ಉಗುರು ಬೆಚ್ಚಗೆ ಕೊಡುತ್ತೇನೆ. ಉಪ್ಪು, ಹುಳಿ, ಖಾರ ಏನೂ ಇಲ್ಲ. ಫ್ರಿಜ್ಜಿನಿಂದ ತೆಗೆದದ್ದಕ್ಕೆ ವಾಸನೆಯೇ ಇರುವುದಿಲ್ಲ, ಅದನ್ನು ಮೂಸಿ ಕೂಡ ನೋಡದು. ತೀರಾ ಹಟ ಮಾಡಿದರೆ ಒಂದು ಚೂರು ಮೇಲ್ದುಟಿಗೆ ಸವರುತ್ತೇನೆ. ನೆಕ್ಕಿಕೊಂಡಿತು ಅಂದರೆ ಅರ್ಧ ಗೆದ್ದ ಹಾಗೆ.

ಈಗ ಬೇಡದ ಮದ್ದುಗಳು. ಬೆಳ್ಳುಳ್ಳಿ, ಈರುಳ್ಳಿ ನಾಯಿ ಬೆಕ್ಕುಗಳ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಬೇಯಿಸಿದರೂ ಅಷ್ಟೇ, ಪುಡಿ ಮಾಡಿದರೂ ಅಷ್ಟೇ. ದೊಡ್ಡಪತ್ರೆ ರಸ ವಾಂತಿ ಬೇಧಿ ತರುತ್ತದೆ. ಮೊದಲೇ ಸೊರಗಿದ ಮರಿಗೆ ಅದು ಯಾಕೆ ಬೇಕು? ಅರಿಶಿನ ಹಾಲು ಕೊಟ್ಟರೆ ಎಷ್ಟೋ ಬೆಕ್ಕುಗಳಿಗೆ ಹಾಲೇ ಅರಗುವುದಿಲ್ಲ. ನೀಲಗಿರಿ ಎಣ್ಣೆ, ವಿಕ್ಸ್, ಕರ್ಪೂರ ಹತ್ತಿರವೂ ಬೇಡ. ಬೆಕ್ಕಿನ ಯಕೃತ್ತಿಗೆ ಇವನ್ನು ಅರಗಿಸಿ ಹೊರಹಾಕುವ ಶಕ್ತಿ ಕಡಿಮೆ. ಎದೆಗೆ ಸವರಿದ್ದು ನೆಕ್ಕಿ ನೆಕ್ಕಿ ಹೊಟ್ಟೆಗೇ ಹೋಗುತ್ತದೆ. ಲೈಸಿನ್ ಅಂತ ಒಂದು ಪುಡಿ ಮಾರುತ್ತಾರೆ. ಹರ್ಪಿಸ್‌ಗೆ ಅದರಿಂದ ಉಪಯೋಗವಿಲ್ಲ ಅಂತ ಅಧ್ಯಯನಗಳನ್ನೆಲ್ಲ ಒಟ್ಟಿಗೆ ನೋಡಿದವರು ಆಗಲೇ ಹೇಳಿದ್ದಾರೆ. ಆ ದುಡ್ಡಿಗೆ ಮೀನು ತರಬಹುದು.

ಎಲ್ಲಕ್ಕಿಂತ ಅಪಾಯ ಪ್ಯಾರಾಸಿಟಮಾಲ್. ಕಿವಿ ಮುಟ್ಟಿ ಬಿಸಿ ಇದೆ, ಜ್ವರ ಇದೆ ಅಂತ ಅರ್ಧ ಮಾತ್ರೆ ಅರೆದು ಕೊಡುವವರಿದ್ದಾರೆ. ಅರ್ಧ ಮಾತ್ರೆಗೇ ಬೆಕ್ಕು ಸಾಯಬಹುದು. ಬೆಕ್ಕಿನ ಮೈ ನಮಗಿಂತ ಬಿಸಿಯೇ ಇರುತ್ತದೆ, 102 ಡಿಗ್ರಿ ಫ್ಯಾರನ್‌ಹೀಟ್ ಅದಕ್ಕೆ ಮಾಮೂಲು.

ಶೀತ ಬಂದ ಮರಿಯನ್ನು ಮನೆ ಬೆಕ್ಕುಗಳ ಜೊತೆ ಬಿಡುವುದಿಲ್ಲ. ಹಿತ್ತಿಲ ಕಡೆ ಒಂದು ಸಣ್ಣ ಕೋಣೆ, ಅದಕ್ಕೇ ಬೇರೆ ತಟ್ಟೆ, ಬೇರೆ ಮರಳು. ಆ ಕೋಣೆಯ ಕೆಲಸ ಕೊನೆಗೆ. ಬಂದ ಮೇಲೆ ಕೈ ತೊಳೆದು ಮೇಲಿನ ಬಟ್ಟೆ ಬದಲಿಸುತ್ತೇನೆ. ಸೋಪಿನ ನೀರಿಗೆ ಹರ್ಪಿಸ್ ಸಾಯುತ್ತದೆ, ಕ್ಯಾಲಿಸಿ ಸಾಯುವುದಿಲ್ಲ. ಅದಕ್ಕೆ ಬ್ಲೀಚ್ ಬೇಕು. ತೊಳೆದ ನೆಲದ ಮೇಲೆ 1 ಪಾಲು ಬ್ಲೀಚಿಗೆ 32 ಪಾಲು ನೀರು ಬೆರೆಸಿ ಹತ್ತು ನಿಮಿಷ ಬಿಟ್ಟು, ಮತ್ತೆ ನೀರಲ್ಲಿ ಒರೆಸಿ, ಒಣಗಿದ ಮೇಲೆ ಬೆಕ್ಕನ್ನು ಬಿಡುವುದು. ಫಿನೈಲ್ ನಮ್ಮ ಮನೆಗಳಲ್ಲಿ ಇದ್ದೇ ಇರುತ್ತದೆ ಅಲ್ವಾ? ಅದು ಬೆಕ್ಕಿಗೆ ವಿಷ. ಒರೆಸಿದ ನೆಲದ ಮೇಲೆ ನಡೆದು ಪಾದ ನೆಕ್ಕಿದರೂ ತೊಂದರೆ. ಸೊಳ್ಳೆ ಬತ್ತಿ, ಲೋಬಾನದ ಹೊಗೆಯೂ ಆ ಕೋಣೆಗೆ ಬೇಡ.

ನಾಯಿಗಳ ವಿಷಯ ಸ್ವಲ್ಪ ಸುಲಭ. ಊರಿಗೆ ಹೋಗುವಾಗ ನಾಯಿಗಳನ್ನು ನೋಡಿಕೊಳ್ಳುವ ಬೋರ್ಡಿಂಗಿನಲ್ಲಿ ಬಿಟ್ಟು ಬಂದ ಮೇಲೆ ಕೆನಲ್ ಕಾಫ್ ಅನ್ನುವ ಅಂಟುಕೆಮ್ಮು ಬರುವುದು ಜಾಸ್ತಿ. ಗಂಟಲಿಗೆ ಮೂಳೆ ಸಿಕ್ಕಿಕೊಂಡ ಹಾಗೆ ಕ್ಯಾಕರಿಸಿ ಕೊನೆಗೆ ಬಿಳಿ ನೊರೆ ಉಗುಳುತ್ತದೆ. ಕುತ್ತಿಗೆ ಪಟ್ಟಿ ತೆಗೆದು ಎದೆಗೆ ಹಾಕುವ ಬೆಲ್ಟ್ ಹಾಕಿ, ಓಟ ಆಟ ಬಿಡಿಸಿ, ಬೆಳೆದ ನಾಯಿಯಾದರೆ ಬೆಚ್ಚಗಿನ ನೀರಿಗೆ ಅರ್ಧ ಚಮಚ ಜೇನು ಬೆರೆಸಿ ಕೊಡುತ್ತೇನೆ. ಗಂಟಲಿಗೆ ಹಿತ, ಅಷ್ಟೇ. ಊಟ ಬಿಟ್ಟು, ಮಂಕಾಗಿ ಮಲಗಿದರೆ ಜೇನಿನ ಕಾಲ ಮುಗಿಯಿತು, ಡಾಕ್ಟರ ಹತ್ತಿರ ಹೋಗಬೇಕು. ನಾಯಿಗಳಿಗೆ ನಿಜವಾದ ಇನ್‌ಫ್ಲುಯೆಂಜಾ ಕೂಡ ಇದೆ. 2004ರಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ ರೇಸಿನ ನಾಯಿಗಳಿಗೆ ಬಂದದ್ದು ಕುದುರೆಗಳಿಂದ ದಾಟಿದ ಎಚ್3ಎನ್8 ಅನ್ನುವ ಫ್ಲೂ ವೈರಸ್.

ಬೆಕ್ಕುಗಳಿಗೂ ನಿಜವಾದ ಫ್ಲೂ ಬರುತ್ತದೆ, ಅದರಲ್ಲಿ ಒಂದು ಹಕ್ಕಿ ಜ್ವರ. 2025ರ ಜನವರಿಯಲ್ಲಿ ಮಧ್ಯಪ್ರದೇಶದ ಛಿಂದ್ವಾಡದಲ್ಲಿ ಸಾಕು ಬೆಕ್ಕುಗಳಲ್ಲಿ ಹಕ್ಕಿ ಜ್ವರದ ಎಚ್5ಎನ್1 ವೈರಸ್ ಸಿಕ್ಕಿತು. ಅದೇ ವರ್ಷ ನಮ್ಮ ಚಿಕ್ಕಬಳ್ಳಾಪುರ, ಬಳ್ಳಾರಿ ಕಡೆ ಕೋಳಿಗಳಿಗೂ ಹಕ್ಕಿ ಜ್ವರ ಬಂತು. ಇದಕ್ಕೆ ಯಾವ ಕಷಾಯವೂ ಇಲ್ಲ. ನಾನು ಮಾಡುವುದಿಷ್ಟೇ: ಕೋಳಿ ಅಂಗಡಿಯ ಹಸಿ ಕರುಳು, ತಲೆ, ಕಾಲು ತಂದು ಹಾಕುವುದಿಲ್ಲ. ತಂದರೆ ಚೆನ್ನಾಗಿ ಕುದಿಸುತ್ತೇನೆ. ಹಾಲು ಅರಗುವ ಬೆಕ್ಕಿಗೆ ಕೊಟ್ಟರೂ ಕಾಯಿಸಿದ್ದೇ. ಸತ್ತ ಕಾಗೆ, ಪಾರಿವಾಳವನ್ನು ಬೆಕ್ಕು ಎಳೆದುಕೊಂಡು ಬಂದರೆ ಬರಿಗೈಯಲ್ಲಿ ಮುಟ್ಟುವುದಿಲ್ಲ.

ಉಳಿದದ್ದು ಲಸಿಕೆ. ಮರಿಗೆ ಎಂಟು ವಾರ ತುಂಬಿ, ಶೀತ ಪೂರ್ತಿ ವಾಸಿಯಾದ ಮೇಲೆ ಹರ್ಪಿಸ್, ಕ್ಯಾಲಿಸಿ, ಪ್ಯಾನ್‌ಲ್ಯೂಕೋಪೀನಿಯ (ಬೆಕ್ಕುಗಳಿಗೆ ವಾಂತಿ ಬೇಧಿ ತರುವ ವೈರಸ್ ರೋಗ) ಮೂರಕ್ಕೂ ಸೇರಿದ ಚುಚ್ಚುಮದ್ದು ಹಾಕಿಸುತ್ತೇನೆ. ಮೂರು ನಾಲ್ಕು ವಾರ ಬಿಟ್ಟು ಮತ್ತೆ. ಲಸಿಕೆ ಆದರೂ ಶೀತ ಬರಬಹುದು, ಆದರೆ ಜೋರಾಗಿ ಬರುವುದು ಕಡಿಮೆ. ಬಾಯಿ ತೆರೆದು ಉಸಿರಾಡುವ ಬೆಕ್ಕು, ಒಂದಿಡೀ ದಿನ ಏನೂ ತಿನ್ನದ ಬೆಕ್ಕು, ಅರ್ಧ ದಿನ ತಿನ್ನದ ಸಣ್ಣ ಮರಿ ಇದ್ದರೆ ಮಳೆ ಎಷ್ಟೇ ಇರಲಿ, ಪೇಟೆಯ ಡಾಕ್ಟರ ಹತ್ತಿರ ಹೊರಟೇಬಿಡುತ್ತೇನೆ.

ಹರ್ಪಿಸ್ ಒಮ್ಮೆ ಬಂದರೆ ಮೈಯಲ್ಲೇ ಉಳಿಯುತ್ತದೆ. ಹೆದರಿಕೆ, ಗಲಾಟೆ, ಜಾಗ ಬದಲಾದರೆ ಮತ್ತೆ ಸೀನು ಶುರು. ದೀಪಾವಳಿ ಹೊತ್ತಿಗೆ ನಮ್ಮ ಹಳೇ ಬೆಕ್ಕುಗಳ ಕಣ್ಣಲ್ಲಿ ನೀರು ಬರುವುದು ಅದಕ್ಕೇ. ಪಟಾಕಿ ಶುರುವಾಗುವ ಮೊದಲೇ ಅವನ್ನೆಲ್ಲ ನಡುಮನೆಗೆ ಸೇರಿಸಿ, ಕಿಟಕಿ ಹಾಕಿ, ಮರಳಿನ ತಟ್ಟೆಯನ್ನೂ ಅಲ್ಲೇ ಇಟ್ಟುಬಿಡುತ್ತೇನೆ. ಆ ವಾರ ಹೊಸ ಮರಿ ಯಾರೇ ತಂದರೂ ಅದಕ್ಕೆ ಹಿತ್ತಿಲ ಕೋಣೆಯೇ.