ವೈರಲ್ ಲೋಡ್ ವರ್ಷಗಟ್ಟಲೆ ಹತೋಟಿಯಲ್ಲಿದೆಯೇ? ಅಳೆಯುವ ಬಗೆ

ವೈರಲ್ ಲೋಡ್ ಎಂದರೆ ರಕ್ತದಲ್ಲಿರುವ ಎಚ್‌ಐವಿ ವೈರಸ್‌ನ ಪ್ರಮಾಣ. ಅದರ ಕೊನೆಯ ವರದಿ ಚೆನ್ನಾಗಿ ಬಂತೆಂದು ಎಚ್‌ಐವಿ ಬಹುಕಾಲದಿಂದ ಹತೋಟಿಯಲ್ಲಿದೆ ಎಂದು ಬರೆದುಬಿಡಬೇಡಿ. ಆ ಸಂಖ್ಯೆ ರಕ್ತ ಕೊಟ್ಟ ದಿನದ ಮಾತಷ್ಟೇ. ಒಬ್ಬೊಬ್ಬರ ಎಲ್ಲ ವರದಿಗಳನ್ನೂ ತಾರೀಕಿನ ಸಮೇತ ಒಂದೇ ಸಾಲಿನಲ್ಲಿಟ್ಟು ನೋಡಬೇಕು.

ಮೊದಲು ಮಿತಿ ಗೊತ್ತುಮಾಡಿಕೊಳ್ಳಿ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಮಿಲಿಲೀಟರಿಗೆ 1,000 ಕಾಪಿಯವರೆಗೆ (ಕಾಪಿ ಎಂದರೆ ವೈರಸ್‌ನ ವಂಶವಾಹಿಯ ಒಂದು ಪ್ರತಿ) ಹತೋಟಿ. ಅಮೆರಿಕದ ಮಾರ್ಗಸೂಚಿಯಲ್ಲಿ 200ಕ್ಕಿಂತ ಕಡಿಮೆ ಇರಬೇಕು. ಯಾವುದನ್ನು ಹಿಡಿದರೂ ಕೊನೆಯವರೆಗೆ ಅದನ್ನೇ ಹಿಡಿಯಿರಿ. ‘40ಕ್ಕಿಂತ ಕಡಿಮೆ’ ಎಂದು ಬಂದದ್ದನ್ನು ಸೊನ್ನೆ ಎಂದು ಬರೆಯಬೇಡಿ, ಇದ್ದ ಹಾಗೇ ದಾಖಲಿಸಿ.

ರಕ್ತವನ್ನು ನೇರಳೆ ಮುಚ್ಚಳದ ಇಡಿಟಿಎ (ರಕ್ತ ಹೆಪ್ಪುಗಟ್ಟದಂತೆ ತಡೆಯುವ ರಾಸಾಯನಿಕ) ಟ್ಯೂಬಿನಲ್ಲಿ ತೆಗೆದು, ಕುಲುಕದೆ, ಎಂಟು ಹತ್ತು ಸಲ ಮೆಲ್ಲಗೆ ತಲೆಕೆಳಗು ಮಾಡಿ. ಹೆಪಾರಿನ್ ಟ್ಯೂಬ್ ಬೇಡ, ಅದು ವೈರಸ್ ಎಣಿಸುವ ಪಿಸಿಆರ್ ಪರೀಕ್ಷೆಗೆ ಅಡ್ಡಿ. ಪ್ಲಾಸ್ಮಾ (ರಕ್ತದ ದ್ರವ ಭಾಗ) ಬೇರ್ಪಡಿಸಲು ಸಾಮಾನ್ಯವಾಗಿ 24 ಗಂಟೆಯ ಗಡುವು. ಕಿಟ್‌ನ ಸೂಚನೆಯೇ ಅಂತಿಮ. ಕಾಗದದ ಮೇಲೆ ಒಣಗಿಸಿದ ರಕ್ತದ ಹನಿಯಲ್ಲಿ ಜೀವಕೋಶದೊಳಗಿನ ವೈರಸ್ ಅಂಶವೂ ಎಣಿಕೆಗೆ ಸೇರಿಬಿಡಬಹುದು. ಹಾಗಾಗಿ 200ರ ಮಿತಿಗೆ ಅದನ್ನು ನೆಚ್ಚಬೇಡಿ.

ಎಆರ್‌ಟಿ (ಎಚ್‌ಐವಿ ಹತ್ತಿಕ್ಕುವ ಔಷಧಿ ಚಿಕಿತ್ಸೆ) ಶುರುವಾದ 6ನೇ ತಿಂಗಳು, 12ನೇ ತಿಂಗಳು, ಆಮೇಲೆ ವರ್ಷಕ್ಕೊಮ್ಮೆ ಪರೀಕ್ಷೆ. 1,000 ದಾಟಿದರೆ ಮಾತ್ರೆ ತೆಗೆದುಕೊಳ್ಳುವುದಕ್ಕೆ ನೆರವಾಗಿ, 3 ತಿಂಗಳ ನಂತರ ಮತ್ತೆ ನೋಡಬೇಕು. ಒಮ್ಮೆ ತುಸು ಏರಿ ತಾನಾಗಿಯೇ ಇಳಿದರೆ ಅದು ಔಷಧಿಯ ಸೋಲಲ್ಲ. ಡೊಲುಟೆಗ್ರಾವಿರ್ ಎಂಬ ಎಚ್‌ಐವಿ ಔಷಧಿ ನುಂಗುವವರು ಅದರ ಜೊತೆಗೇ ಆಂಟಾಸಿಡ್, ಕಬ್ಬಿಣ ಅಥವಾ ಕ್ಯಾಲ್ಸಿಯಂ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆಯೇ ಎಂದು ಕೇಳಿ. ಔಷಧಿ ಮೈಗೆ ಹತ್ತದಿರಲು ಅಷ್ಟೇ ಸಾಕು. ದಯವಿಟ್ಟು ಯಾರನ್ನೂ ಗದರಬೇಡಿ. ಬೈಸಿಕೊಂಡವರು ಮುಂದಿನ ಪರೀಕ್ಷೆಗೆ ಬರುವುದೇ ಕಷ್ಟ.

ಈಗ ಲೆಕ್ಕ. ಒಬ್ಬರ ವರದಿಗಳು ಹೀಗಿವೆ ಎನ್ನಿ: ಜನವರಿಯಲ್ಲಿ 40, ಜುಲೈನಲ್ಲಿ 3,000, ಅಕ್ಟೋಬರಿನಲ್ಲಿ ಮತ್ತೆ 40. ಕೊನೆಯದನ್ನಷ್ಟೇ ನೋಡಿದರೆ ಎಲ್ಲ ಸರಿಯಿದೆ. ಆದರೆ ಅಕ್ಕಪಕ್ಕದ ಎರಡು ವರದಿಗಳ ಸರಾಸರಿಯನ್ನು ನಡುವಿನ ಅವಧಿಯಿಂದ ಗುಣಿಸಿ ನೋಡಿ: 1,520ನ್ನು ಅರ್ಧ ವರ್ಷದಿಂದ ಗುಣಿಸಿದರೆ 760, ಕಾಲು ವರ್ಷದಿಂದ ಗುಣಿಸಿದರೆ 380. ಒಟ್ಟು 1,140 ಕಾಪಿ-ವರ್ಷ. ವೈರಸ್ ಹೊರೆ ಎಷ್ಟಿತ್ತು, ಎಷ್ಟು ಕಾಲ ಇತ್ತು ಎರಡೂ ಇದರಲ್ಲಿ ಸೇರಿವೆ. ಜನವರಿ–ಜುಲೈ ನಡುವೆ ಯಾವಾಗ ಏರಿತೆಂಬುದು ಮಾತ್ರ ಊಹೆಯೇ. ಪರೀಕ್ಷೆಗಳ ಅಂತರ ಹೆಚ್ಚಿದಷ್ಟೂ ಲೆಕ್ಕ ಸಡಿಲವಾಗುತ್ತದೆ.

ಗುಂಪಿನ ಲೆಕ್ಕದಲ್ಲಿ ಹೆಚ್ಚಿನವರು ಎಡವುವುದು ಛೇದದಲ್ಲಿ, ಅಂದರೆ ಎಷ್ಟು ಜನರಿಂದ ಭಾಗಿಸಬೇಕು ಎಂಬಲ್ಲಿ. 100 ಜನರಲ್ಲಿ 80 ಮಂದಿಗೆ ಪರೀಕ್ಷೆಯಾಗಿ 76 ಮಂದಿ ಹತೋಟಿಯಲ್ಲಿದ್ದರೆ ಪರೀಕ್ಷೆಯಾದವರಲ್ಲಿ 95 ಪ್ರತಿಶತ, ಚಿಕಿತ್ಸೆಯಲ್ಲಿರುವ ಎಲ್ಲರಲ್ಲಿ ದೃಢಪಟ್ಟದ್ದು 76 ಪ್ರತಿಶತ. ಎರಡನ್ನೂ ಬರೆಯಿರಿ. ಬೇರೆ ಕೇಂದ್ರಕ್ಕೆ ಹೋದವರು, ತೀರಿಕೊಂಡವರು, ಸಂಪರ್ಕ ತಪ್ಪಿದವರು ಇವರನ್ನೆಲ್ಲ ಪ್ರತ್ಯೇಕವಾಗಿ ತೋರಿಸಿ. ವರದಿಯಿಲ್ಲದ ಆ 20 ಜನರ ಹೆಸರಿನ ಪಟ್ಟಿ ತೆಗೆದು, ಅವರ ಗುಟ್ಟು ಮನೆಯವರಿಗೂ ಬಿಟ್ಟುಕೊಡದಂತೆ, ಮೊದಲು ಅವರನ್ನೇ ಸಂಪರ್ಕಿಸಿ.