ಎರಡು ಎಂಜಿನ್ ನಡುವೆ ಬೈಟು ಕಾಫಿಯಷ್ಟು ಡೀಸೆಲ್: ಎಚ್‌ಒ ಅಳತೆಯ ಇಂಧನ ಟೆಂಡರ್ ಕಟ್ಟುವ ಬಗೆ

ಎಚ್‌ಒ ಎಂದರೆ ಅಸಲಿ ರೈಲಿನ 87ನೇ ಒಂದರಷ್ಟು (1:87) ಮಾಡೆಲ್ ರೈಲಿನ ಅಳತೆ; ಇಂಧನ ಟೆಂಡರ್ ಎಂದರೆ ಎಂಜಿನ್ನಿಗೆ ಡೀಸೆಲ್ ಒದಗಿಸುತ್ತ ಜೊತೆಗೇ ಓಡುವ ಗಾಡಿ. ಟ್ಯಾಂಕರ್ ವ್ಯಾಗನ್ನನ್ನು ಎರಡು ಎಂಜಿನ್ ನಡುವೆ ಸಿಕ್ಕಿಸಿದ ಮಾತ್ರಕ್ಕೆ ಅದು ಟೆಂಡರ್ ಆಗುವುದಿಲ್ಲ. 1980ರ ದಶಕದಲ್ಲಿ ಅಮೆರಿಕದ ಬರ್ಲಿಂಗ್ಟನ್ ನಾರ್ದರ್ನ್ ರೈಲ್ವೆ ಕಂಪನಿ ಇಂಥ ಟೆಂಡರ್‌ಗಳನ್ನು ಓಡಿಸಿದ್ದು, ಡೀಸೆಲ್ ಅಗ್ಗವಿರುವ ಕಡೆ ತುಂಬಿಸಿಕೊಂಡು ದೂರ ಹೋಗಲಿಕ್ಕೆ. ಹಾಗಾಗಿ ಎರಡೂ ತುದಿಯಲ್ಲಿ ಡೀಸೆಲ್ ಹೋಸ್ ಬೇಕು. ಮುಂದಿನ ಎಂಜಿನ್ನಿನ ಆಜ್ಞೆ ಹಿಂದಿನದಕ್ಕೆ ಮುಟ್ಟಲು ಎಂಯು (ಹಲವು ಎಂಜಿನ್‌ಗಳನ್ನು ಒಂದರಿಂದಲೇ ನಡೆಸುವ) ಕೇಬಲ್ಲೂ ಗಾಳಿ ಹೋಸ್‌ಗಳೂ ಟೆಂಡರಿನ ಉದ್ದಕ್ಕೂ ಹಾಯಬೇಕು. ಮಾಡೆಲ್ಲಿನಲ್ಲಿ ಇವಿಲ್ಲದಿದ್ದರೆ ಅದು ಬರೀ ಟ್ಯಾಂಕರ್.

ಅಸಲಿ ಟೆಂಡರ್ 20,000 ಗ್ಯಾಲನ್, ಅಂದರೆ ಸುಮಾರು 75,700 ಲೀಟರಿನದು ಎಂದಿಟ್ಟುಕೊಳ್ಳಿ. ಉದ್ದ, ಅಗಲ, ಎತ್ತರ ಮೂರನ್ನೂ 1:87ಕ್ಕೆ ಇಳಿಸಿದರೆ 115 ಮಿಲಿ, ಒಂದು ಬೈಟು ಕಾಫಿ! ಹಾರ್ಡ್‌ವೇರ್ ಅಂಗಡಿಯ 32 ಮಿಮೀ ಪಿವಿಸಿ ಪೈಪನ್ನು 14 ಸೆಂಮೀ ಕತ್ತರಿಸಿದರೆ ಲೆಕ್ಕ ಹೆಚ್ಚುಕಡಿಮೆ ಸರಿಹೋಗುತ್ತದೆ. ಒಂದು ತುದಿಗೆ ಪ್ಲಾಸ್ಟಿಕ್ ಬಿಲ್ಲೆ ಅಂಟಿಸಿ, ಮೇಲೆ ಎಂ-ಸೀಲ್ ಗುಮ್ಮಟದಂತೆ ಮೆತ್ತಿ, ಒಣಗಿದ ಮೇಲೆ ಉಜ್ಜಿ.

ಇನ್ನೊಂದು ತುದಿ ಮುಚ್ಚುವ ಮುಂಚೆ ತೂಕ ತುಂಬಿ. ಎಲ್ಲರೂ ಮರೆಯುವುದು ಇದನ್ನೇ. ಅಮೆರಿಕದ ಮಾಡೆಲ್ ರೈಲು ಸಂಘ ಎನ್‌ಎಂಆರ್‌ಎ ಕೊಟ್ಟ ಸೂತ್ರ: 28 ಗ್ರಾಂ, ಜೊತೆಗೆ ಪ್ರತಿ ಇಂಚು ಉದ್ದಕ್ಕೆ 14 ಗ್ರಾಂ. 16.5 ಸೆಂಮೀ ಗಾಡಿಗೆ ಬೋಗಿ (ಗಾಲಿಗಳನ್ನು ಹಿಡಿದ ಚೌಕಟ್ಟು), ಕಪ್ಲರ್ (ಗಾಡಿಗಳನ್ನು ಜೋಡಿಸುವ ಕೊಂಡಿ) ಎಲ್ಲ ಸೇರಿ ಸುಮಾರು 120 ಗ್ರಾಂ. ಕಬ್ಬಿಣದ ನಟ್ಟುಗಳನ್ನು ಪೈಪಿನ ತಳದಲ್ಲಿ, ಎರಡು ಬೋಗಿಗಳ ಮೇಲೆ ಸಮನಾಗಿ ಅಂಟಿಸಿ. ಭಾರ ಮೇಲಿದ್ದರೆ ತಿರುವಿನಲ್ಲಿ ವಾಲುತ್ತದೆ, ಬಿಡಿಯಾಗಿ ಬಿಟ್ಟರೆ ಗಲಗಲ ಸದ್ದು.

ಅಡಿಪಟ್ಟಿಗೆ 3 ಮಿಮೀ ಅಕ್ರಿಲಿಕ್ ಸಾಕು. ಗಾಲಿ 10.5 ಮಿಮೀ (ಅಸಲಿಯಲ್ಲಿ 36 ಇಂಚು). ಕಪ್ಲರಿನ ನಡುಮಧ್ಯ ಹಳಿಯ ಮೇಲಿಂದ 9.9 ಮಿಮೀ ಎತ್ತರದಲ್ಲಿರಲಿ. ತಗ್ಗಿದರೆ ಏರಿನಲ್ಲಿ ಬಿಟ್ಟುಹೋಗುತ್ತದೆ.

ಹೋಸ್‌ಗೆ ಮಾಮೂಲಿ ಪಿವಿಸಿ ವೈರು ಬೇಡ, ಬಿರುಸು. ತಿರುವಿನಲ್ಲಿ ಗಾಲಿಯನ್ನೇ ಎತ್ತಿಬಿಡುತ್ತದೆ. ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್‌ಪಿ ರೋಡಿನಲ್ಲಿ ತೆಳು ಸಿಲಿಕಾನ್ ವೈರು ಕೇಳಿ. ಟೆಂಡರ್ ಕಡೆ ಮಾತ್ರ ಅಂಟಿಸಿ, ಎಂಜಿನ್ ಕಡೆ ತೂತಿನಲ್ಲಿ ಸಡಿಲವಾಗಿ ಕೂರಿಸಿ.

ಬಣ್ಣಕ್ಕೆ ಮುಂಚೆ ಪೈಪನ್ನು 400 ನಂಬರ್ ಮರಳು ಕಾಗದದಲ್ಲಿ ಉಜ್ಜಿ, ಪ್ಲಾಸ್ಟಿಕ್ ಪ್ರೈಮರ್ ಹೊಡೆಯಿರಿ. ಇಲ್ಲವಾದರೆ ಸಿಪ್ಪೆ ಏಳುತ್ತದೆ. ಬೆಂಗಳೂರಿನ ಜಡಿಮಳೆಯ ದಿನ ಸ್ಪ್ರೇ ಮುಟ್ಟಬೇಡಿ, ತೇವಕ್ಕೆ ಬಣ್ಣದ ಮೇಲೆ ಬಿಳಿ ಮಬ್ಬು ಕೂರುತ್ತದೆ. ಕೊನೆಗೆ ಎರಡು ಎಂಜಿನ್ ಕಟ್ಟಿ, ನಿಮ್ಮಲ್ಲಿರುವ ಅತಿ ಬಿಗಿ ತಿರುವಿನಲ್ಲಿ ನಿಧಾನವಾಗಿ ಹಿಂದಕ್ಕೆ ತಳ್ಳಿ ನೋಡಿ. ಎಳೆಯುವಾಗ ಅಡಗಿದ್ದ ತಪ್ಪು ತಳ್ಳುವಾಗ ಗಾಡಿಯನ್ನು ಹಳಿ ತಪ್ಪಿಸುತ್ತದೆ.